ಕಳವಾದ ವೀಣೆಯನ್ನು ಮರಳಿ ಪಡೆಯುವುದು: ಠಾಣೆಯಿಂದ ಕೋರ್ಟಿನವರೆಗೆ

ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನ ಡಿಕ್ಕಿಯಿಂದ ನಮ್ಮ ಮನೆಯ ವೀಣೆ ಪೆಟ್ಟಿಗೆ ಸಮೇತ ಕಳವಾಗಿತ್ತು. ಅತ್ತೆಯವರು ನುಡಿಸುತ್ತಿದ್ದ, ಅವರ ನಂತರ ನನ್ನ ಪಾಲಿಗೆ ಬಂದ ಹಲಸಿನ ಮರದ ವೀಣೆ. ಕೊಡ (ದುಂಡನೆಯ ಬುಡ), ದಂಡಿ (ಉದ್ದನೆಯ ಕತ್ತು), ತುದಿಯ ಯಾಳಿಯ (ಕಾಲ್ಪನಿಕ ಪ್ರಾಣಿಯ) ತಲೆ ಎಲ್ಲವೂ ಒಂದೇ ಕಾಂಡದಲ್ಲಿ ಕೆತ್ತಿದ ಏಕಾಂಡ ವೀಣೆಯಾದ್ದರಿಂದ ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳುವ ಮಾತೇ ಇರಲಿಲ್ಲ. ಅದು ಈಗ ಮನೆಗೆ ಬಂದಿದೆ. ನಡುವೆ ಠಾಣೆ, ಮಹಜರು, ಅರ್ಜಿ, ಜಾಮೀನು, ರಿಪೇರಿ ಎಂದು ದಾಟಿದ ಪ್ರತಿ ಹಂತದಲ್ಲೂ ಮುಂದೇನು ಎಂದು ಹೇಳುವವರು ಸಿಗುವುದು ಕಷ್ಟವಾಯಿತು. ಕಾರು, ಬೈಕು, ಒಡವೆ ಕಳವಾದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ವಾದ್ಯಕ್ಕೆ ನೋಂದಣಿ ಸಂಖ್ಯೆಯಿಲ್ಲ, ಹಾಲ್‌ಮಾರ್ಕ್ ಇಲ್ಲ, ಹೆಚ್ಚಿನವರ ಬಳಿ ಬಿಲ್ಲೂ ಇಲ್ಲ. ‘ಇದು ನನ್ನದೇ’ ಎಂದು ತೋರಿಸಲು ಏನಿದೆ ಎಂಬುದರ ಮೇಲೆಯೇ ಕೊನೆಯವರೆಗೂ ಎಲ್ಲ ನಿಲ್ಲುತ್ತದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಸ್ ನಿಲ್ದಾಣದ ಕೆಲಸ. ಡಿಕ್ಕಿ ಖಾಲಿ ಎಂದು ಗೊತ್ತಾದ ಕೂಡಲೇ ಬಸ್ಸನ್ನು ಮುಂದಕ್ಕೆ ಬಿಡಬೇಡಿ. ಬಸ್ಸಿನ ನೋಂದಣಿ ಸಂಖ್ಯೆ, ಡಿಪೋ, ಕಂಡಕ್ಟರ್ ಮತ್ತು ಡ್ರೈವರ್ ಬ್ಯಾಡ್ಜ್ ಸಂಖ್ಯೆ ಬರೆದುಕೊಳ್ಳಿ. ಟಿಕೆಟ್ಟನ್ನು ಫೋಟೊ ತೆಗೆಯಿರಿ. ಆ ತೆಳು ಕಾಗದದ ಅಕ್ಷರ ಕೆಲವೇ ವಾರದಲ್ಲಿ ಮಾಸಿ ಹೋಗುತ್ತದೆ. ಲಗೇಜಿಗೆ ಬೇರೆ ಟಿಕೆಟ್ ಕೊಟ್ಟಿದ್ದರೆ ಅದು ಬಂಗಾರ, ಏಕೆಂದರೆ ವೀಣೆ ಬಸ್ಸಿಗೆ ಹತ್ತಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ದಾಖಲೆ ಬೇರೆಯಿಲ್ಲ. ದಾರಿಯಲ್ಲಿ ಎಲ್ಲೆಲ್ಲಿ ಡಿಕ್ಕಿ ತೆರೆದರು, ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತರು ಎಂದು ಕಂಡಕ್ಟರನ್ನು ಆಗಲೇ ಕೇಳಿ ಬರೆದಿಡಬೇಕು. ನಿಲ್ದಾಣದ ಸಂಚಾರ ನಿಯಂತ್ರಕರ ಪುಸ್ತಕದಲ್ಲಿ ಒಂದು ಸಾಲು ಬರೆಸಿ. ಜನ ಸೇರಿ ಗಲಾಟೆಯಾಗುತ್ತಿದ್ದರೆ 112ಕ್ಕೆ ಕರೆ ಮಾಡಿ. ಆ ಕರೆಯ ಸಮಯವೂ ದಾಖಲೆಯೇ.

ಯಾವ ಠಾಣೆ? ಮೊದಲ ತೊಡಕು ಇದೇ. ವೀಣೆ ಹತ್ತಿಸಿದ್ದು ಹಾಸನದಲ್ಲಿ, ಇಲ್ಲವೆಂದು ಗೊತ್ತಾದದ್ದು ಚಿಕ್ಕಮಗಳೂರಿನಲ್ಲಿ, ನಡುವೆ ಬೇಲೂರು. ಕದ್ದದ್ದು ಎಲ್ಲಿ ಎಂದು ಯಾರಿಗೆ ಗೊತ್ತು? ‘ಅಮ್ಮಾ, ಇದು ನಮ್ಮ ಸರಹದ್ದಲ್ಲ, ಹಾಸನದಲ್ಲೇ ಕೊಡಿ’ ಎಂಬ ಮಾತು ಕೇಳಬೇಕಾಗಬಹುದು. ನನಗೂ ಬಂತು. ಆಗ ಕಣ್ಣಲ್ಲಿ ನೀರು ತುಂಬಿ ಬರುತ್ತದೆ, ಕಾಲು ಸೋತು ಹೋಗುತ್ತದೆ. ಆದರೂ ಅಲ್ಲಿಂದ ಏಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಅದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ಆ ಠಾಣೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತದೆ, ಅಲ್ಲಿ ಅದಕ್ಕೆ ಹೊಸ ಕ್ರೈಂ ನಂಬರ್ ಬೀಳುತ್ತದೆ. ಹೀಗೆ ಸ್ಥಳ ಬದಲಾದಾಗ ಹಳೆಯ ನಂಬರ್ ಹಿಡಿದು ವಿಚಾರಿಸಿದರೆ ಯಾರಿಗೂ ಸಿಗುವುದಿಲ್ಲ. ಹೊಸ ಠಾಣೆಗೆ ಹೋಗಿ ಹೊಸ ನಂಬರನ್ನೂ ತನಿಖಾಧಿಕಾರಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಮಾಹಿತಿಯನ್ನು ಇ-ಮೇಲ್ ಮುಂತಾದ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಯಾರೂ ದಾಖಲಿಸಿಕೊಳ್ಳದಿದ್ದರೆ ದೂರಿನ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇವೆರಡೂ ಅದೇ 173ನೇ ಕಲಮಿನಲ್ಲಿವೆ.

ಕಳೆದುಹೋದ ವಸ್ತುಗಳಿಗೆಂದು ಇರುವ ಇ-ಲಾಸ್ಟ್ ಆ್ಯಪ್‌ನಲ್ಲಿ ನಮೂದಿಸಿ ಸುಮ್ಮನಾಗಬೇಡಿ. ಅದರ ಸ್ವೀಕೃತಿ ಎಫ್‌ಐಆರ್ ಅಲ್ಲ, ಅದರ ಮೇಲೆ ತನಿಖೆ ನಡೆಯುವುದಿಲ್ಲ. ದೂರಿನಲ್ಲಿ ‘ಕಾಣೆಯಾಗಿದೆ’ ಎಂದು ಬರೆಯುವ ಬದಲು ‘ಯಾರೋ ಕಳ್ಳರು ಕದ್ದೊಯ್ದಿದ್ದಾರೆ, ಪತ್ತೆ ಮಾಡಿ ಕೊಡಿಸಬೇಕು’ ಎಂದೇ ಬರೆಯಬೇಕು.

ಬೆಲೆಯ ಕಾಲಂ ಬಂದಾಗ ಎಚ್ಚರ. ಠಾಣೆಯ ರೈಟರ್ ‘ಹಳೇದಲ್ವಾ ಮೇಡಂ, ಎಷ್ಟು ಅಂತ ಹಾಕಲಿ?’ ಎಂದು ಕೇಳುತ್ತಾರೆ. ಹಳೆಯದು ಎಂದುಕೊಂಡು ಸಂಕೋಚದಲ್ಲಿ ಎರಡು ಮೂರು ಸಾವಿರ ಎಂದುಬಿಟ್ಟರೆ ಕೆಲಸ ಕೆಟ್ಟಿತು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಅಸಂಜ್ಞೇಯ ಅಪರಾಧದ ಕಡೆಗೆ ಜಾರುತ್ತದೆ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ, ಕೈಗೆ ಬರುವುದು ಒಂದು ಎನ್‌ಸಿಆರ್ (ಅಸಂಜ್ಞೇಯ ವರದಿ) ಅಷ್ಟೇ. ಹೊಸದಾಗಿ ಅಂಥದ್ದೇ ವೀಣೆ ಮಾಡಿಸಲು ಇಂದು ಎಷ್ಟಾಗುತ್ತದೆ ಎಂಬುದನ್ನೇ ಬೆಲೆಯಾಗಿ ಹೇಳಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ವೀಣೆ ಮಾಡುವವರಿಂದ, ರಿಪೇರಿ ಮಾಡುವವರಿಂದ ಅವರ ಲೆಟರ್‌ಹೆಡ್‌ನಲ್ಲಿ ಒಂದು ಬೆಲೆಪತ್ರ ತರಿಸಿ ಆಮೇಲೆ ಸೇರಿಸಬಹುದು.

ಕಲಮನ್ನೂ ನೋಡಿಕೊಳ್ಳಿ. ಪ್ರಯಾಣಿಕರ ವಾಹನದಿಂದ ವಸ್ತು ಕದ್ದರೆ ಅದು ನ್ಯಾಯ ಸಂಹಿತೆಯ 305ನೇ ಕಲಂ, 7 ವರ್ಷದವರೆಗೆ ಶಿಕ್ಷೆ. ವಾಸದ ಮನೆಯೊಳಗಿಂದ ಕದ್ದರೂ ಅದೇ. ರಸ್ತೆ ಬದಿಯಲ್ಲೋ ಬಯಲು ವೇದಿಕೆಯ ಪಕ್ಕದಲ್ಲೋ ಇಟ್ಟದ್ದು ಹೋದರೆ 303(2), 3 ವರ್ಷದವರೆಗೆ. ಈ ವ್ಯತ್ಯಾಸಕ್ಕೆ ಬೆಲೆಯಿದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಅಂದರೆ 303(2)ರಂಥವುಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ವೀಣೆ ಊರು ಬಿಟ್ಟು ಹೋಗಲು ಆ 14 ದಿನ ಸಾಕು.

ಇನ್ನು ವೀಣೆಯ ವಿವರ. ಹೆಚ್ಚಿನ ದೂರುಗಳಲ್ಲಿ ‘ಒಂದು ಹಳೆಯ ವೀಣೆ, ಕಂದು ಬಣ್ಣ’ ಎಂದಷ್ಟೇ ಇರುತ್ತದೆ. ಅಂಥ ದೂರು ಹಿಡಿದು ವೀಣೆ ಸಿಕ್ಕರೂ ಬಿಡಿಸಿಕೊಳ್ಳುವುದು ಕಷ್ಟ. ಎಲ್ಲ ಸರಸ್ವತಿ ವೀಣೆಗೂ 24 ಮೆಟ್ಟು, ನುಡಿಸುವ ತಂತಿ 4, ತಾಳದ ತಂತಿ 3. ಅವನ್ನು ಬರೆದರೆ ಗುರುತಾಗುವುದಿಲ್ಲ. ತಂತಿ, ಬಿರಡೆ (ತಂತಿ ಬಿಗಿಯುವ ತಿರುಪು), ಕುದುರೆ (ಕೊಡದ ಮೇಲೆ ತಂತಿಗಳನ್ನು ಹೊರುವ ಸೇತುವೆ), ಲಂಗರು (ತಂತಿಯ ತುದಿ ಕಟ್ಟುವ ಕೊಂಡಿ), ದಂಡಿಯ ಕೆಳಗಿನ ಸೋರೆಬುರುಡೆ ಇವೆಲ್ಲ ಬಿಚ್ಚಿ ಬದಲಿಸಬಹುದಾದ ಭಾಗಗಳು. ಅವುಗಳ ಮೇಲಿನ ಗುರುತು ಆ ಭಾಗದ ಜೊತೆಗೇ ಹೋಗಿಬಿಡುತ್ತದೆ. ಮೆಟ್ಟು ಕೂರಿಸುವ ಮೇಣವನ್ನೂ ನಂಬುವಂತಿಲ್ಲ, ಹೊಸದಾಗಿ ಮೇಳ ಕಟ್ಟಿದಾಗ (ಮೆಟ್ಟುಗಳನ್ನು ಸ್ವರಕ್ಕೆ ಸರಿಯಾಗಿ ಮತ್ತೆ ಕೂರಿಸುವಾಗ) ಅದೆಲ್ಲ ಕೆರೆದು ತೆಗೆಯುತ್ತಾರೆ. ಬದಲಾಗದೆ ಉಳಿಯುವುದು ಮರ. ಕೊಡದ ಮೇಲಿನ ಹಲಗೆಯ ಎಳೆ, ಗಂಟು, ಗೆರೆಗಳ ಓಟ ಬೆರಳಚ್ಚಿನ ಹಾಗೆ. ಇನ್ನೊಂದು ಮರದಲ್ಲಿ ಅದೇ ರೀತಿ ಬರುವುದಿಲ್ಲ. ಅದರ ಮೇಲೆ ಒಂದು ಸ್ಕೇಲ್ ಇಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ಹತ್ತಿರದಿಂದ ತೆಗೆದ ಫೋಟೊ ಒಂದಿದ್ದರೆ ಬಿಲ್ಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಳತೆಗಳೂ ಬೇಕು. ಬಿರಡೆ ಕಡೆಯ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ, ಕೊಡದ ಅಡ್ಡಳತೆ ಮತ್ತು ಆಳ, ದಂಡಿಯ ಅಗಲ, ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆಯಿರಿ. ತೂಕ ಹಾಕಿಡಿ. ಯಾಳಿಯ ಮುಖವನ್ನು ಎರಡೂ ಬದಿಯಿಂದ ಫೋಟೊ ತೆಗೆಯಿರಿ. ಕೈಯಲ್ಲಿ ಕೆತ್ತಿದ ಯಾಳಿಯ ಎಡಗಿವಿಯೂ ಬಲಗಿವಿಯೂ ಒಂದೇ ಸಮ ಇರುವುದಿಲ್ಲ. ನಮ್ಮದರ ಒಂದು ಕಿವಿಯ ತುದಿ ಮುರಿದಿತ್ತು, ಕೊಡದ ಬೆನ್ನಿನಲ್ಲಿ ಹಳೆಯ ಬಿರುಕಿಗೆ ಹಾಕಿದ ತೇಪೆಯೊಂದು ಇತ್ತು. ಹಲಗೆಯ ಸ್ವರರಂಧ್ರಗಳ ಒಳಗೆ ಟಾರ್ಚು ಬಿಟ್ಟು ನೋಡಿದರೆ ಮಾಡಿದವರು ಪೆನ್ಸಿಲಿನಲ್ಲಿ ಬರೆದ ಗುರುತು ಕಾಣುವುದುಂಟು. ತಂತಿಗಳ ತುದಿ ಹಿಡಿದಿಡುವ ನಾಗಪಾಶದ ಕೆಳಗೆ, ಮೇಣ ಇಡುವ ಪೆಟ್ಟಿಗೆಯ ಮುಚ್ಚಳದ ಒಳಗಡೆ, ಕುದುರೆ ಕೂರುವ ಜಾಗದಲ್ಲಿ ನೀವೇ ಒಂದು ಸಣ್ಣ ಗುರುತು ಮಾಡಿಡಬಹುದು, ನಾದಕ್ಕೆ ತೊಂದರೆಯಿಲ್ಲ. ವೀಣೆ ಇನ್ನೂ ಮನೆಯಲ್ಲೇ ಇರುವವರು ಇವತ್ತೇ ಈ ಕೆಲಸ ಮುಗಿಸಿ, ಫೋಟೊಗಳನ್ನು ಇನ್ನೊಬ್ಬರಿಗೂ ಇ-ಮೇಲ್ ಮಾಡಿಡಿ. ಇ-ಮೇಲ್‌ನಲ್ಲಿ ದಿನಾಂಕ ದಾಖಲಾಗಿರುತ್ತದೆ, ಕಳವಿಗೆ ಮೊದಲೇ ಫೋಟೊ ನಿಮ್ಮ ಬಳಿ ಇತ್ತೆಂದು ತೋರಿಸಲು ಅದು ಸಾಕು.

ಬಿಲ್ಲು ಇಲ್ಲದವರು ಎದೆಗುಂದಬೇಡಿ. ಹಳೆಯ ಕಛೇರಿಯ ಫೋಟೊ, ಆಕಾಶವಾಣಿಯ ಒಪ್ಪಂದ ಪತ್ರ, ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಟ್ಟಾಗ ತೆಗೆದ ಚಿತ್ರ, ಮೇಳ ಕಟ್ಟಿದವರ ರಸೀದಿ, ಮದುವೆಯ ವಿಡಿಯೊ, ಇವೆಲ್ಲ ಸೇರಿ ಒಡೆತನ ತೋರಿಸುತ್ತವೆ. ನಮ್ಮ ವಿಷಯದಲ್ಲಿ ಹೆಚ್ಚು ನೆರವಾದದ್ದು ಪೂಜೆಯ ಫೋಟೊಗಳೇ. ವರ್ಷ ವರ್ಷವೂ ಅದೇ ವೀಣೆ, ಅದೇ ಮುರಿದ ಕಿವಿ.

ಎಫ್‌ಐಆರ್ ಪ್ರತಿ ಉಚಿತ. ಅದನ್ನು ಕೊಡುವುದು ಕಾನೂನಿನ ಕಟ್ಟಳೆ. ಮನೆಗೆ ಹೋಗುವ ಮೊದಲು ಓದಿ. ಪೆಟ್ಟಿಗೆ, ಶ್ರುತಿಪೆಟ್ಟಿಗೆ, ಬಿಡಿ ತಂತಿ, ಪುಸ್ತಕ ಎಲ್ಲವೂ ಪಟ್ಟಿಯಲ್ಲಿವೆಯೇ ನೋಡಿ. ಬಿಟ್ಟುಹೋಗಿದ್ದರೆ ಮರುಹೇಳಿಕೆ ಕೊಟ್ಟು ಸೇರಿಸಬಹುದು, ಆದರೆ ತಡವಾದಷ್ಟೂ ಪ್ರಶ್ನೆಗಳು ಹೆಚ್ಚು. ಆಮೇಲೆ ಸ್ಥಳ ಮಹಜರು. ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ಇಬ್ಬರು ಬೇಕು. ನಿಲ್ದಾಣದ ಅಂಗಡಿಯವರು ಹಿಂಜರಿದರೆ ನಿಮ್ಮ ಕಡೆಯ ಪರಿಚಿತರಿಬ್ಬರನ್ನು ಕರೆದುಕೊಂಡು ಹೋಗಿ. ಮುಂದೆ ಕೋರ್ಟಿಗೆ ಬರಲು ಒಪ್ಪುವವರಾಗಿರಲಿ.

ಸಿಸಿಟಿವಿ ವಿಷಯದಲ್ಲಿ ಕಾಲವೇ ಶತ್ರು. ಸಣ್ಣ ಅಂಗಡಿ, ಹೋಟೆಲುಗಳ ಡಿವಿಆರ್‌ನಲ್ಲಿ ಹೆಚ್ಚೆಂದರೆ 15ರಿಂದ 30 ದಿನದ ದೃಶ್ಯ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ದೂರಿನ ಜೊತೆಯಲ್ಲೇ ಒಂದು ಪುಟದ ಮನವಿ ಕೊಡಿ: ಇಂಥ ನಿಲ್ದಾಣ, ಇಂಥ ಪ್ಲಾಟ್‌ಫಾರ್ಮ್, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಉಳಿಸಬೇಕು ಎಂದು. ಮೂರು ಊರಿನ ನಿಲ್ದಾಣಕ್ಕೂ ಬೇರೆ ಬೇರೆ ಹೊತ್ತು ಬರೆಯಬೇಕು. ಕಂಡಕ್ಟರಿಂದ ಬರೆದುಕೊಂಡ ವಿವರ ಇಲ್ಲೇ ಉಪಯೋಗಕ್ಕೆ ಬರುವುದು. ಅಂಗಡಿಯವರು ನಮಗೆ ಪ್ರೀತಿಯಿಂದ ಮೊಬೈಲಿನಲ್ಲಿ ತೋರಿಸಬಹುದು, ಆದರೆ ಪರದೆಯ ಮೇಲಿನ ದೃಶ್ಯವನ್ನು ಇನ್ನೊಂದು ಮೊಬೈಲಿನಲ್ಲಿ ಹಿಡಿದದ್ದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪೊಲೀಸರೇ ನೋಟಿಸ್ ಕೊಟ್ಟು ಪಡೆದು, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರದೊಂದಿಗೆ ಇಡಬೇಕು. ವೀಣೆಯ ಪೆಟ್ಟಿಗೆ ನಾಲ್ಕು ಅಡಿ ಮೀರಿದ್ದು, ಹೊತ್ತುಕೊಂಡು ಹೋಗುವವನು ಯಾವ ಕ್ಯಾಮೆರಾದಲ್ಲೂ ಮರೆಯಾಗುವುದಿಲ್ಲ. ವಾದ್ಯ ದೊಡ್ಡದಾಗಿರುವುದರ ಒಂದು ಲಾಭ ಇದು.

ವಿಮೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ. ಅದರಲ್ಲಿ ಕಳವಿಗೆ ರಕ್ಷಣೆ ಇರುವುದು ಬೆಂಕಿ, ಪ್ರವಾಹದಂಥ ಅವಘಡದ ಕಾರಣದಿಂದ, ಅದಾದ 7 ದಿನದೊಳಗೆ ಕಳವಾದರೆ ಮಾತ್ರ. ಸಾಮಾನ್ಯ ಕಳವಿಗೆ ಬೇರೆ ಪಾಲಿಸಿ ಬೇಕು, ಅದರಲ್ಲಿ ವಾದ್ಯವನ್ನು ಹೆಸರು ಮತ್ತು ಬೆಲೆ ಸಮೇತ ಪಟ್ಟಿ ಮಾಡಿಸಿರಬೇಕು, ಮನೆಯ ಹೊರಗೆ ಒಯ್ದಾಗಲೂ ಅನ್ವಯಿಸುತ್ತದೆಯೇ ಎಂದು ಕೇಳಿರಬೇಕು. ವಿಮೆ ಹಣ ಪಡೆದ ಮೇಲೆ ವೀಣೆ ಸಿಕ್ಕರೆ ಅದರ ಮೇಲೆ ಕಂಪನಿಯ ಹಕ್ಕು ಬರುತ್ತದೆ. ಸಹಿ ಹಾಕುವ ಮೊದಲು ಇದನ್ನು ಯೋಚಿಸಿ.

ಆಮೇಲೆ ಕಾಯುವುದು. ದಿನಗಟ್ಟಲೆ ಏನೂ ಆಗುವುದಿಲ್ಲ. ವೀಣೆ ಇಡುತ್ತಿದ್ದ ಚಾಪೆಯನ್ನು ಮಡಿಸಿ ಇಡಲೂ ಮನಸ್ಸು ಬರುವುದಿಲ್ಲ. ಪಾಠಕ್ಕೆ ಬರುವ ಮಕ್ಕಳ ವೀಣೆಯಲ್ಲಿ ಸ್ವರ ತೋರಿಸುವಾಗ ಬೆರಳು ಹಳೆಯ ವೀಣೆಯ ಮೆಟ್ಟಿನ ಅಂತರವನ್ನೇ ಹುಡುಕುತ್ತದೆ. ಮನುಷ್ಯರು ಹೋದಾಗ ಬಂದು ಮಾತಾಡಿಸುವವರು ವಾದ್ಯ ಹೋದಾಗ ‘ಇನ್ನೊಂದು ತಗೊಂಡ್ರಾಯ್ತು’ ಎನ್ನುತ್ತಾರೆ. ಆ ಮಾತು ಬಹಳ ನೋಯಿಸುತ್ತದೆ. ಹೀಗೆ ವಾದ್ಯ ಕಳೆದುಕೊಂಡವರು ಹತ್ತಿರದಲ್ಲಿದ್ದರೆ ದಯವಿಟ್ಟು ಹಾಗೆ ಹೇಳಬೇಡಿ.

ಕಾಯುತ್ತಲೇ ಮಾಡಬೇಕಾದ ಕೆಲಸಗಳಿವೆ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ, ಲಿಖಿತವಾಗಿ ಕೇಳಿ. ಪತ್ತೆಯಾಗದಿದ್ದರೆ ‘ಸಿ’ ವರದಿ ಹಾಕುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತೆಂದಲ್ಲ. ಹೊಸ ಸುಳಿವು ಸಿಕ್ಕರೆ ಮತ್ತೆ ತನಿಖೆ ನಡೆಸಬಹುದು.

ಸುದ್ದಿ ಹರಡುವುದು ಎಲ್ಲಕ್ಕಿಂತ ಮುಖ್ಯ. ಕದ್ದ ವೀಣೆ ಸಂಗೀತಗಾರರ ಕೈಗೆ ಹೋಗುವುದು ಅಪರೂಪ, ಏಕೆಂದರೆ ಅವರು ‘ಯಾರದ್ದಿದು?’ ಎಂದು ಮೊದಲು ಕೇಳುತ್ತಾರೆ. ಅದು ಹೋಗುವುದು ಹಳೆಯ ಸಾಮಾನಿನ ಅಂಗಡಿಗೆ, ಅಲ್ಲಿಂದ ಗೋಡೆಯ ಅಲಂಕಾರಕ್ಕೆ. ಮಲೆನಾಡಿನ ಹೋಂಸ್ಟೇ, ರೆಸಾರ್ಟುಗಳಲ್ಲಿ ಹಳೆಯ ಬಾಗಿಲು, ಕಡೆಗೋಲು, ತೊಟ್ಟಿಲುಗಳ ಜೊತೆ ವೀಣೆಯನ್ನೂ ನೇತು ಹಾಕಿರುತ್ತಾರೆ. ಹಾಗಾಗಿ ವಾದ್ಯ ರಿಪೇರಿಯವರಿಗೆ, ಸಂಗೀತ ಶಾಲೆಗಳಿಗೆ ಕಳಿಸಿದ ಚಿತ್ರವನ್ನೇ ಹಳೆಯ ಮರದ ವ್ಯಾಪಾರಿಗಳಿಗೂ, ತೋಟದ ಮನೆಗಳಲ್ಲಿ ಒಳಾಂಗಣ ಅಲಂಕಾರ ಮಾಡುವವರಿಗೂ, ಬಡಗಿಗಳಿಗೂ ಕಳಿಸಬೇಕು. ಅರಕಲಗೂಡು ತಾಲೂಕಿನ ರುದ್ರಪಟ್ಟಣದ ಸಂಗೀತ ಮನೆತನಗಳ ನಂಟು ಮೈಸೂರು, ಬೆಂಗಳೂರಿನವರೆಗೂ ಹಬ್ಬಿದೆ. ಅಂಥ ಒಬ್ಬರಿಗೆ ಹೇಳಿದರೆ ನೂರು ಮಂದಿಗೆ ಹೇಳಿದಂತೆ.

ಚಿತ್ರ ಹಂಚುವಾಗ ಒಂದು ಗುರುತನ್ನು ಬಚ್ಚಿಡಿ. ಕೊಡದ ತೇಪೆಯ ವಿಷಯವನ್ನು ನಾವು ಪೊಲೀಸರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಸಿರಲಿಲ್ಲ. ‘ನಿಮ್ಮ ವೀಣೆ ನಮ್ಮಲ್ಲಿದೆ, ಕಳಿಸಲು ಇಷ್ಟು ಹಾಕಿ’ ಎಂಬ ಕರೆಗಳು ಬರುತ್ತವೆ. ‘ಕೊಡದ ಹಿಂಭಾಗದ ಒಂದು ಫೋಟೊ ಕಳಿಸಿ’ ಎಂದು ಕೇಳಿದರೆ ಸಾಕು, ಸುಳ್ಳಿನವರು ಕರೆ ಕಡಿದುಬಿಡುತ್ತಾರೆ. ಅಕಸ್ಮಾತ್ ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಮ್ಮ ವೀಣೆ ಸಿಕ್ಕಿದ್ದು ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯ ಗೋಡೆಯಲ್ಲಿ. ಶಿಷ್ಯೆಯೊಬ್ಬಳ ಬಂಧುಗಳು ಯಾಳಿಯ ಕಿವಿ ನೋಡಿ ಗುರುತಿಸಿ ಫೋಟೊ ಕಳಿಸಿದರು. ತಂತಿಯಿಲ್ಲ, ಸೋರೆಬುರುಡೆಯಿಲ್ಲ, ಮೈಮೇಲೆ ದಪ್ಪಗೆ ಹೊಸ ಮೆಲಮೈನ್ ಪಾಲಿಶ್. ಹೀಗೆ ಕಂಡಾಗ ನೇರವಾಗಿ ಹೋಗಿ ಕೇಳಬೇಕೆಂದು ಜೀವ ತುಡಿಯುತ್ತದೆ. ಹೋಗಬೇಡಿ. ಕೇಳಿದ ಮರುದಿನವೇ ಅದು ಅಲ್ಲಿಂದ ಮಾಯವಾದರೆ ಮತ್ತೆ ಕೈಗೆ ಸಿಗುವುದಿಲ್ಲ. ಫೋಟೊ, ಸ್ಥಳ, ದಿನಾಂಕ ಬರೆದು ತನಿಖಾಧಿಕಾರಿಗೆ ಕೊಡಿ. ಅವರು ಪಂಚರೊಂದಿಗೆ ಹೋಗಿ ಜಪ್ತಿ ಮಹಜರು ಮಾಡುತ್ತಾರೆ, ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಈಗ ಸುರಕ್ಷಾ ಸಂಹಿತೆಯ 105ನೇ ಕಲಮಿನಲ್ಲಿದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡವರು ‘ನನ್ನ ಹಣ ಕೊಟ್ಟು ತಗೊಂಡು ಹೋಗಿ’ ಎನ್ನಬಹುದು. ಅವರು ನಿರಪರಾಧಿಗಳೇ ಇರಬಹುದು, ಆದರೂ ಕೊಡಬೇಕಾಗಿಲ್ಲ. 1930ರ ಸರಕು ಮಾರಾಟ ಕಾಯಿದೆಯಂತೆ ಮಾರಿದವನಿಗೇ ಇಲ್ಲದ ಒಡೆತನ ಕೊಂಡವರಿಗೆ ಬರುವುದಿಲ್ಲ. ಕಳ್ಳನ ಬಳಿ ಹಣ ಸಿಕ್ಕಿದ್ದರೆ ಅದರಿಂದ ಅವರಿಗೆ ಕೊಡಿಸಲು ಕೋರ್ಟಿಗೆ ಅವಕಾಶವಿದೆ. ಹಣ ಕೊಟ್ಟು ಮೆಲ್ಲನೆ ಬಿಡಿಸಿಕೊಂಡರೆ ಪ್ರಕರಣ ಕೆಡುತ್ತದೆ, ವೀಣೆ ನಿಮ್ಮ ಬಳಿ ಹೇಗೆ ಬಂತು ಎಂಬುದಕ್ಕೂ ದಾಖಲೆ ಇರುವುದಿಲ್ಲ.

ಠಾಣೆಯಲ್ಲಿ ಗುರುತು ಹಿಡಿಯಲು ಕರೆದಾಗ ಪಾಲಿಶ್ ದೊಡ್ಡ ತೊಡಕಾಯಿತು. ದೂರಿನಲ್ಲಿ ಬರೆಸಿದ್ದ ಬಣ್ಣ ಈಗಿಲ್ಲ, ದಂಡಿಯ ಬದಿಯಲ್ಲಿ ಕೊರೆದಿದ್ದ ಹೆಸರು ಪಾಲಿಶ್ ತುಂಬಿ ಮುಚ್ಚಿಹೋಗಿತ್ತು. ಉಳಿಸಿದ್ದು ಹಲಗೆಯ ಎಳೆಯ ಫೋಟೊ, ಮೇರುವಿನಿಂದ ಕುದುರೆ ಕೂರುವ ಗುರುತಿನವರೆಗಿನ ಅಳತೆ, ಕೊಡದ ತೇಪೆ. ಅಳತೆ ಪಟ್ಟಿ ಮತ್ತು ಟಾರ್ಚು ನೀವೇ ತೆಗೆದುಕೊಂಡು ಹೋಗಿ. ಒಂದೊಂದು ಗುರುತನ್ನೂ ತೋರಿಸಿ ನಿಮ್ಮ ಹೇಳಿಕೆಯಲ್ಲಿ ಬರೆಸಿ. ‘ನೋಡಿ ಗುರುತಿಸಿದೆ’ ಎಂಬ ಒಂದೇ ಸಾಲು ಸಾಲದು.

ಇಲ್ಲಿ ಇನ್ನೊಂದು ಅನಿರೀಕ್ಷಿತ ಪ್ರಶ್ನೆ ಬಂತು: ಕೊಡದ ಸುತ್ತಲಿನ ಬಿಳಿ ಕುಸುರಿ ಏನು? ಹಳೆಯ ವೀಣೆಗಳಲ್ಲಿ ಆನೆ ದಂತ, ಜಿಂಕೆ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ದಂತದ ವ್ಯಾಪಾರ ನಿಷಿದ್ಧ, ಮನೆಯಲ್ಲಿ ಇಟ್ಟುಕೊಳ್ಳಲೂ ಒಡೆತನದ ಪ್ರಮಾಣಪತ್ರ ಬೇಕು. ಮಹಜರಿನಲ್ಲಿ ಯಾರಾದರೂ ಅಂದಾಜಿಗೆ ‘ದಂತ’ ಎಂದು ಬರೆದರೆ ಅರಣ್ಯ ಇಲಾಖೆಯ ಅಭಿಪ್ರಾಯ ಬರುವವರೆಗೆ ವೀಣೆ ಬಿಡುಗಡೆ ನಿಂತುಬಿಡುತ್ತದೆ. ದಂತದ ಅಡ್ಡ ಸೀಳಿನಲ್ಲಿ ಒಂದನ್ನೊಂದು ಹಾಯುವ ಬಾಗಿದ ಸಣ್ಣ ಗೆರೆಗಳಿರುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಅವಿಲ್ಲ. ನಮ್ಮದು ಪ್ಲಾಸ್ಟಿಕ್ ಪಟ್ಟಿ ಎಂದು ರಿಪೇರಿಯವರ ಪತ್ರದಲ್ಲೇ ಬರೆಸಿದ್ದರಿಂದ ಅದು ಅಲ್ಲಿಗೇ ಮುಗಿಯಿತು. ನಿಮ್ಮದು ನಿಜವಾಗಿ ದಂತವೇ ಆಗಿದ್ದರೆ ಮುಚ್ಚಿಡಬೇಡಿ, ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಸಿಕ್ಕ ಮೇಲೂ ವೀಣೆ ಮನೆಗೆ ಬರುವುದಿಲ್ಲ. ಅದೀಗ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತು. ಠಾಣೆಯ ಕೋಣೆಯಲ್ಲಿ ಪಿ.ಎಫ್. (ಜಪ್ತಿ ವಸ್ತುವಿನ ನಮೂನೆ) ನಂಬರಿನ ಚೀಟಿ ಕಟ್ಟಿಕೊಂಡು ಇರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅಂಥ ಕೋಣೆ ವೀಣೆಗೆ ಅಪಾಯ: ಮರ ನೀರು ಕುಡಿದು ಉಬ್ಬುತ್ತದೆ, ಬಿರಡೆಗಳು ಕಚ್ಚಿಕೊಳ್ಳುತ್ತವೆ, ಬೂಸ್ಟು ಹಿಡಿಯುತ್ತದೆ. ಬೇಸಿಗೆಯಾದರೆ ಕಿಟಕಿಯ ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟುಗಳು ಕುಸಿಯುತ್ತವೆ. ಪ್ಲಾಸ್ಟಿಕ್ ಸುತ್ತಬೇಡಿ, ಹತ್ತಿಯ ಬಟ್ಟೆ ಹೊದಿಸಿ ನೆಲದಿಂದ ಮೇಲೆ ಇಡಿ, ಮೇಲೆ ಬೇರೆ ಸಾಮಾನು ಹೇರಬೇಡಿ ಎಂದು ವಿನಂತಿಸಿದರೆ ಕೇಳುವವರಿದ್ದಾರೆ. ಹೆಡ್ ಕಾನ್‌ಸ್ಟೇಬಲ್ ಒಬ್ಬರು ತಾವೇ ಒಂದು ಮೇಜು ತಂದು ಹಾಕಿಸಿದರು. ಆ ಉಪಕಾರ ಮರೆಯುವಂಥದ್ದಲ್ಲ.

ಬಿಡುಗಡೆಗೆ ಅರ್ಜಿ ಹಾಕುವುದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ. ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಂಗಳು. ಹಳೆಯ ವಕೀಲರು ಈಗಲೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 451, 457 ಎನ್ನುತ್ತಾರೆ, ಅದೇ ಇದು. ವಸ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ ಮಾಡಬೇಕು, ಫೋಟೊ ಅಥವಾ ವಿಡಿಯೊ ತೆಗೆಸಬೇಕು, ನಂತರ 30 ದಿನದೊಳಗೆ ಆದೇಶ ಮಾಡಬೇಕು ಎಂದು 497 ಹೇಳುತ್ತದೆ. ಜಪ್ತಿ ವಸ್ತುಗಳನ್ನು ಠಾಣೆಯಲ್ಲಿ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯ ಜೊತೆ ಎಫ್‌ಐಆರ್, ಜಪ್ತಿ ಮಹಜರು, ಪಿ.ಎಫ್. ಪ್ರತಿ, ಒಡೆತನದ ಫೋಟೊಗಳು, ಬೆಲೆಪತ್ರ, ಆಧಾರ್ ಮತ್ತು ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್) ಇರಬೇಕು. ಸರ್ಕಾರಿ ಅಭಿಯೋಜಕರ ತಕರಾರು ಕೇಳಲು ಒಂದು ದಿನ ಮುಂದೂಡುತ್ತಾರೆ, ಠಾಣೆಯ ವರದಿ ಬರದಿದ್ದರೆ ಇನ್ನೊಮ್ಮೆ. ಆ ವರದಿ ಕೋರ್ಟಿಗೆ ಹೋಯಿತೇ ಎಂದು ಠಾಣೆಯಲ್ಲಿ ಹಿಂದಿನ ದಿನವೇ ವಿಚಾರಿಸಿ.

ಈ ಅರ್ಜಿಯಲ್ಲಿ ವಾದ್ಯದವರು ಮರೆಯಬಾರದ ಸಾಲೊಂದಿದೆ. ಬಿಡುಗಡೆ ಆದೇಶದಲ್ಲಿ ‘ಮಾರಬಾರದು, ಪರಭಾರೆ ಮಾಡಬಾರದು, ಸ್ವರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು’ ಎಂಬ ಷರತ್ತುಗಳು ಸಾಮಾನ್ಯ. ಟಿವಿಗೋ ಬೈಕಿಗೋ ಇದು ಸರಿ. ವೀಣೆಗೆ ಮೇಣ ತೆಗೆಯದೆ, ಮೇಳ ಕಟ್ಟದೆ, ಪಾಲಿಶ್ ಕೆರೆಯದೆ ಜೀವ ಬರುವುದಿಲ್ಲ. ಅವೆಲ್ಲ ಸ್ವರೂಪ ಬದಲಾವಣೆ ಎಂದು ನಾಳೆ ಆಕ್ಷೇಪ ಬರಬಹುದು. ಆದ್ದರಿಂದ ‘ತಂತಿ, ಮೇಣ, ಮೆಟ್ಟು, ಬಿರಡೆ, ಕುದುರೆ, ಸೋರೆಬುರುಡೆ ಬದಲಿಸಿ ನುಡಿಸಲು ಯೋಗ್ಯವಾಗುವಂತೆ ದುರಸ್ತಿ ಮಾಡಿಸಲು ಅನುಮತಿ ಬೇಕು’ ಎಂದು ಅರ್ಜಿಯಲ್ಲೇ ಕೇಳಿ, ಆದೇಶದಲ್ಲಿ ಬರುವಂತೆ ನೋಡಿಕೊಳ್ಳಿ. ದುರಸ್ತಿಗೆ ಮೊದಲಿನ ಮತ್ತು ನಂತರದ ಫೋಟೊ ತೆಗೆದಿಡಿ, ತೆಗೆದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಕಟ್ಟಿಡಿ. ನಮ್ಮ ವಕೀಲರಿಗೂ ಇದು ಹೊಸತಾಗಿತ್ತು, ಕೇಳಿ ಒಪ್ಪಿದರು.

ಆದೇಶವಾದ ಮೇಲೆ ಬೆಲೆಯಷ್ಟು ಮೊತ್ತದ ಬಾಂಡು, ಒಬ್ಬ ಜಾಮೀನುದಾರ. ಜಾಮೀನುದಾರರು ಪಹಣಿ, ಆಧಾರ್, ಫೋಟೊ ಸಮೇತ ಖುದ್ದು ಬರಬೇಕು. ಪಹಣಿ ಹೊಸದಾಗಿ ತೆಗೆಸಿದ್ದಾಗಿರಲಿ. ದೂರಿನಲ್ಲಿ ಬೆಲೆ ಹೆಚ್ಚು ಬರೆಸಿದರೆ ಬಾಂಡಿನ ಮೊತ್ತವೂ ಹೆಚ್ಚುತ್ತದೆ ಎಂದು ಹೆದರಬೇಡಿ, ವೀಣೆ ನಿಮ್ಮ ಬಳಿ ಇರುವವರೆಗೆ ಆ ಹಣ ಕಟ್ಟಬೇಕಾಗಿ ಬರುವುದಿಲ್ಲ. ಆದೇಶದ ದೃಢೀಕೃತ ಪ್ರತಿ ಎರಡು ಪಡೆಯಿರಿ, ಒಂದು ಠಾಣೆಗೆ, ಒಂದು ನಿಮಗೆ.

ಖರ್ಚಿನ ಲೆಕ್ಕ: ಠಾಣೆಯಲ್ಲಿ ಯಾವುದಕ್ಕೂ ಶುಲ್ಕವಿಲ್ಲ. ಛಾಪಾ ಕಾಗದ, ನೋಟರಿ, ಟೈಪು, ನಕಲು ಇವು ನೂರರ ಲೆಕ್ಕ. ವಕೀಲರ ಶುಲ್ಕ ಸಾವಿರದ ಲೆಕ್ಕ, ಮೊದಲೇ ಮಾತಾಡಿಕೊಳ್ಳಿ. ಕೈಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಎಲ್ಲಕ್ಕಿಂತ ಹೆಚ್ಚು ತಗಲುವುದು ರಿಪೇರಿಗೆ.

ರಿಪೇರಿಗೆ ಅವಸರ ಬೇಡ. ಮನೆಗೆ ತಂದ ಮೇಲೆ ಕೆಲವು ವಾರ ನೆರಳಿನ, ಗಾಳಿಯಾಡುವ ಕೋಣೆಯಲ್ಲಿ ಸುಮ್ಮನೆ ಇಡಿ. ಒದ್ದೆ ಹೀರಿದ ಮರ ನಿಧಾನಕ್ಕೆ ಆರಬೇಕು, ಹೀಟರಿನ ಮುಂದೆ ಇಟ್ಟರೆ ಹಲಗೆ ಸೀಳುತ್ತದೆ. ದಪ್ಪ ಪಾಲಿಶ್ ಹಲಗೆಯ ಕಂಪನವನ್ನು ಕಟ್ಟಿಹಾಕುತ್ತದೆ, ಅದನ್ನು ಉಜ್ಜಿ ತೆಗೆಯುವ ಕೆಲಸವನ್ನು ಪೀಠೋಪಕರಣದವರಿಗೆ ಕೊಡದೆ ವೀಣೆಯವರಿಗೇ ಕೊಡಿ. ಹೊಸ ಸೋರೆಬುರುಡೆ ಕೂರಿಸಿ, ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಾಯಿಸಿದ ಮೇಣ ಹಾಕಿ, ಕಿವಿಯಿಂದ ಒಂದೊಂದೇ ಸ್ವರ ನೋಡುತ್ತಾ ಮೇಳ ಕಟ್ಟುತ್ತಾರೆ. ತಿಂಗಳುಗಟ್ಟಲೆ ತಂತಿಯಿಲ್ಲದೆ ಇದ್ದ ದಂಡಿಗೆ ಒಮ್ಮೆಲೇ ಪೂರ್ತಿ ಬಿಗಿ ಕೊಡಬಾರದು. ಮೊದಲ ವಾರ ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಇಟ್ಟು, ಮೆಲ್ಲಗೆ ಏರಿಸಬೇಕು. ದಂಡಿ ಬಾಗುವುದು ನಿಂತ ಮೇಲೆ ಒಂದೆರಡು ಮೆಟ್ಟು ಅಪಸ್ವರ ಬರುವುದು ಸಹಜ, ಇನ್ನೊಮ್ಮೆ ಸರಿಪಡಿಸಿಕೊಳ್ಳಬೇಕಾಗುತ್ತದೆ.

ವಿಚಾರಣೆ ಇನ್ನೂ ಮುಂದಿದೆ. ಸಮನ್ಸ್ ಬಂದಾಗ ಸಾಕ್ಷಿ ಹೇಳಲು ಹೋಗಬೇಕು, ಕೋರ್ಟು ಕೇಳಿದರೆ ವೀಣೆಯನ್ನೂ ಒಯ್ಯಬೇಕು. ತೀರ್ಪು ಬರುವವರೆಗೆ ಅದು ನಮ್ಮ ವಶದಲ್ಲಿರುವುದು ಬಾಂಡಿನ ಮೇಲೆ. ಆದ್ದರಿಂದ ಕಛೇರಿಗೆ, ಬೇರೆ ಊರಿಗೆ ಒಯ್ಯುವಾಗ ಬಿಡುಗಡೆ ಆದೇಶದ ಒಂದು ನಕಲನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ, ಮೂಲ ಪ್ರತಿ ಮನೆಯಲ್ಲಿರಲಿ.